ಟೈಗ್ರಿಸ್ ದಂಡೆಯ ಕಲ್ಲು

ತಾತ, ಆ ಕಲ್ಲು ನನ್ನ ಹತ್ತಿರವೇ ಇತ್ತು. ಇಲ್ಲ ಎಂದು ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ನೀವು ಮಣ್ಣಾಗಿ ಎಷ್ಟೋ ವರ್ಷವಾದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ — ಧೈರ್ಯ ಬಂದು ಅಲ್ಲ, ಇನ್ನು ಬೈಯುವವರು ಯಾರೂ ಉಳಿದಿಲ್ಲವೆಂದು.

ಜಯನಗರದ ಹೊಸ ಮನೆಗೆ ಬಂದ ವರ್ಷ ನನಗೆ ಹದಿನೇಳು. ಸುತ್ತ ಬರೀ ಖಾಲಿ ಸೈಟುಗಳು. ಮೊದಲ ಮಹಾಯುದ್ಧದಲ್ಲಿ ನೀವು ಕುದುರೆ ಪಡೆಯ ಜೊತೆ ಬಸ್ರಾ ಕಡೆಗೆ ಹೋಗಿದ್ದ ಕಥೆಯನ್ನು ದಿನಾ ಪೀಡಿಸಿ ಕೇಳುತ್ತಿದ್ದೆ. ಒಂದು ಮಧ್ಯಾಹ್ನ, ಯಾರಿಗೂ ಹೇಳದ್ದನ್ನು ಹೇಳಿದಿರಿ. ಟೈಗ್ರಿಸ್ ನದಿ ದಾಟುವಾಗ ಕುದುರೆ ಮುಗ್ಗರಿಸಿ, ಎದೆಯ ಮೇಲಿನ ಬೆಳ್ಳಿ ಕರಡಿಗೆ ತೆರೆದುಕೊಂಡು, ಒಳಗಿದ್ದ ಇಷ್ಟಲಿಂಗ ನೀರುಪಾಲಾಗಿತ್ತು. ಲಿಂಗ ಹೋದರೆ ಪ್ರಾಣವೇ ಹೋದಂತೆ ಎನ್ನುವ ಮನೆತನ ನಮ್ಮದು. ನೀವು ಸಾಯಲಿಲ್ಲ. ದಂಡೆಯಿಂದ ಒಂದು ಕರಿ ಕಲ್ಲು ಎತ್ತಿ ಕರಡಿಗೆಯೊಳಗಿಟ್ಟುಕೊಂಡಿರಿ. ಊರಿಗೆ ಬಂದು ಮದುವೆಯಾದಿರಿ, ಮಕ್ಕಳನ್ನು ಪಡೆದಿರಿ, ನಲವತ್ತು ವರ್ಷ ಗೋಡೆಗೆ ಮುಖ ಮಾಡಿ ಅದನ್ನೇ ಪೂಜಿಸಿದಿರಿ.

"ನಿನ್ನಲ್ಲೇ ಇರ್ಲಿ ಕಣಮ್ಮ. ನಿಮ್ಮಜ್ಜಿಗೆ ಗೊತ್ತಾದ್ರೆ ನನ್ನ ಒಳಗೇ ಸೇರ್ಸಲ್ಲ."

ನನ್ನಲ್ಲೇ ಇಟ್ಟುಕೊಂಡೆ — ಒಂದು ತಿಂಗಳು. ಕಾಲೇಜು ತಪ್ಪಿಸಿ ಗೆಳತಿಯೊಂದಿಗೆ ಸಿನಿಮಾಕ್ಕೆ ಹೋದದ್ದನ್ನು ನೀವು ಅಪ್ಪನಿಗೆ ಹೇಳಿದಿರಿ. ಬೆಳಿಗ್ಗೆ ಅಪ್ಪ ಕೆನ್ನೆಗೆ ಒಂದೇಟು ಹಾಕಿದರು. ಅಷ್ಟೇ, ಒಂದೇಟು. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ನಾನು ಹೇಳಿದೆ: "ತಾತನ ಕರಡಿಗೆ ತೆಗ್ದು ನೋಡಜ್ಜಿ. ಒಳಗೆ ಲಿಂಗ ಇಲ್ಲ, ಹೊಳೆ ಕಲ್ಲಿದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನದು ಬಾಯಿತಪ್ಪಿ ಬಂದ ಮಾತಲ್ಲ — ಬೆಳಗಿನಿಂದ ಮಸೆದಿಟ್ಟಿದ್ದೆ. ನಿಮ್ಮ ಕೈ ಎದೆಗೆ ಹೋಯಿತು. ಅಜ್ಜಿಯೇ ಕರಡಿಗೆ ಬಿಚ್ಚಿ ನೋಡಿ, ನಿಧಾನವಾಗಿ ಕೇಳಿದಳು: "ಇಷ್ಟು ವರ್ಷ ನಾನು ಭವಿ ಜೊತೆ ಸಂಸಾರ ಮಾಡಿದ್ನಾ?" ಲಿಂಗವಿಲ್ಲದವನು ಭವಿ, ಹೊರಗಿನವನು. ಕಲ್ಲನ್ನು ಹಿತ್ತಲಿಗೆ ಎಸೆದಳು. ನನ್ನ ಹೊಟ್ಟೆ ತಣ್ಣಗಾಗಿತ್ತು — ಇದನ್ನೂ ಹೇಳಲೇಬೇಕು.

ಸ್ವಾಮಿಗಳನ್ನು ಕರೆಸಿ ಹೊಸ ಲಿಂಗ ಕಟ್ಟಿಸೋಣವೆಂದು ಅಪ್ಪ ಗೊಣಗಿದರು. ಸುದ್ದಿ ಹೊರಬಿದ್ದರೆ ಅಕ್ಕನ ಸಂಬಂಧ ಮುರಿಯುತ್ತದೆಂದು ಅಜ್ಜಿ ಒಪ್ಪಲಿಲ್ಲ. ನಿಮ್ಮ ತಟ್ಟೆ, ಲೋಟ, ಚಾಪೆ ವರಾಂಡಕ್ಕೆ ಬಂದವು, ಅಪ್ಪನ ಸೈಕಲ್ ಪಕ್ಕಕ್ಕೆ. ಅಕ್ಕನ ಮದುವೆಯ ದಿನ ನಿಮ್ಮನ್ನು ಕೋಣನಕುಂಟೆಯ ತೋಟ ಕಾಯಲು ಕಳಿಸಿ, ಕೇಳಿದವರಿಗೆ ಜ್ವರ ಎಂದರು. ನಿಮಗೆ ಅನ್ನ ಬಡಿಸುವ ಕೆಲಸ ನನ್ನದು. ಸೌಟು ತಟ್ಟೆಗೆ ತಾಗದಂತೆ ಮೇಲಿನಿಂದ ಹಾಕುತ್ತಿದ್ದೆ.

ಒಂದು ದಿನ ಹಿತ್ತಲಲ್ಲಿ ಕಲ್ಲು ಸಿಕ್ಕಿತು. ಟ್ರಂಕಿನ ತಳದಲ್ಲಿ ಇಟ್ಟೆ. ನಿಮಗೆ ಹಿಂದಿರುಗಿಸಲೆಂದೋ, ಇಲ್ಲಾ — ಗೊತ್ತಿಲ್ಲ. ನೀವು ದಿನವೂ ವರಾಂಡದಲ್ಲಿ ಖಾಲಿ ಎಡಗೈ ಮುಂದೆ ಹಿಡಿದು ಪೂಜೆಗೆ ಕೂರುತ್ತಿದ್ದಿರಿ. ನಾನು ನೋಡುತ್ತಿದ್ದೆ. ಹಾಸಿಗೆ ಹಿಡಿದ ಮೇಲೆ ಒಮ್ಮೆ ಕೇಳಿದಿರಿ: "ಆ ಕಲ್ಲು ಎಲ್ಲಾದ್ರೂ ಕಂಡ್ಯಾ, ಮಗಳೇ? ಒಂದ್ಸಲ ಹಿಡ್ಕೊತೀನಿ."

"ಇಲ್ಲ ತಾತ."

ಕೊಟ್ಟಿದ್ದರೆ ಇಷ್ಟು ದಿನ ಬಚ್ಚಿಟ್ಟದ್ದು ತಿಳಿಯುತ್ತಿತ್ತು. ಅಷ್ಟಕ್ಕೇ, ತಾತ.

ನಿಮ್ಮನ್ನು ಸಮಾಧಿಯಲ್ಲಿ ಕೂರಿಸುವಾಗ ಅಜ್ಜಿ ಪೇಟೆಯಿಂದ ಹೊಸ ಲಿಂಗ ತರಿಸಿದ್ದಳು. ಜನ ನೋಡುತ್ತಿದ್ದರಲ್ಲ. ನಿಮ್ಮ ಬೆರಳು ಬಿಗಿದಿದ್ದವು. ಅಪ್ಪ ಒಂದೊಂದಾಗಿ ಬಿಡಿಸಿ ಅದನ್ನು ಅಂಗೈಯಲ್ಲಿಟ್ಟರು. ಕಲ್ಲು ನನ್ನ ಸೆರಗಿನ ಗಂಟಿನಲ್ಲಿತ್ತು. ಮುಂದೆ ಹೋಗಿ ಅದನ್ನೂ ಇಡಬಹುದಿತ್ತು. ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿ ಬಂದೆ.