ನೋಡ್ತೀನಿ ಅಂದಿದ್ದರು

ಗುಂಡಪ್ಪನವರಿಗೆ ಚುನಾವಣೆ ಎಂದರೆ ಮದುವೆ ಮನೆಯ ಸಡಗರ. ಮೈಸೂರಿನಲ್ಲಿ ಹುಡುಗರಾಗಿದ್ದಾಗ ಆಟೋದಲ್ಲಿ ಕೂತು ಮೈಕಿನಲ್ಲಿ ಕೂಗುತ್ತ ವಾರ್ಡೆಲ್ಲ ಸುತ್ತಿದ ಗಂಟಲು ಅದು. ಹಾಲೆಂಡಿಗೆ ಬಂದ ಮೇಲೆ ಆ ಗಂಟಲಿಗೆ ಕೆಲಸವೇ ಸಿಗಲಿಲ್ಲ. ಇಲ್ಲಿನದೂ ಒಂದು ಚುನಾವಣೆಯೇ! ಮೈಕಿಲ್ಲ, ಮೆರವಣಿಗೆಯಿಲ್ಲ. ಒಂದೇ ಹಲಗೆಯ ಮೇಲೆ ಎಲ್ಲ ಪಕ್ಷಗಳ ಪೋಸ್ಟರನ್ನೂ ಪಕ್ಕಪಕ್ಕ ಅಂಟಿಸಿರುತ್ತಾರೆ, ಯಾರೂ ಯಾರದ್ದನ್ನೂ ಹರಿಯುವುದಿಲ್ಲ. ಅದನ್ನು ಕಂಡಾಗಲೆಲ್ಲ ಗುಂಡಪ್ಪನವರಿಗೆ ಕೈ ಕಡಿಯುತ್ತಿತ್ತು.

ಆದ್ದರಿಂದ ೨೦೧೮ರಲ್ಲಿ, ತಾವಿದ್ದ ಕಾಪೆಲ್ಲೆ ಊರಿನ ನಗರಸಭೆಗೆ ಬೆಂಗಳೂರಿನ ಭಾನುಮತಿ ನಿಂತಿದ್ದಾರೆ ಎಂದು ಗೊತ್ತಾದದ್ದೇ ತಡ, ಅವರ ಮೈಮೇಲೆ ದೇವರು ಬಂದಂತಾಯಿತು. ಆಗ ಅವರದು ಆಫೀಸ್ ಪಾರ್ಕಿನ ಪಕ್ಕ ಒಂದು ಪುಟ್ಟ ಕ್ಯಾಂಟೀನು. ಕಂಪ್ಯೂಟರ್ ಕೆಲಸದ ನಮ್ಮ ಹುಡುಗ ಹುಡುಗಿಯರಿಗೆಲ್ಲ ಮಧ್ಯಾಹ್ನದ ಊಟ ಅಲ್ಲಿಂದಲೇ. ಬಿಸಿಬೇಳೆಬಾತಿನ ಡಬ್ಬಿಯ ಮೇಲೆ ಭಾನುಮತಿಯ ಕರಪತ್ರ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ ಕಳಿಸಿದರು. ಪಕ್ಷದ ಪಟ್ಟಿಯಲ್ಲಿ ಅವರ ಹೆಸರು ಎಲ್ಲೋ ಕೆಳಗಿತ್ತು. ಆದರೆ ಹೆಸರಿನ ಮುಂದೆಯೇ ಸಾಕಷ್ಟು ಜನ ಗುರುತು ಹಾಕಿದರೆ ಕೆಳಗಿದ್ದವರೂ ಮೇಲೆ ಬರಬಹುದು ಎಂಬುದು ಇಲ್ಲಿನ ನಿಯಮ. ಗುಂಡಪ್ಪನವರು ಸುರಿನಾಮಿನಿಂದ ಬಂದು ನೆಲೆಸಿದ ಭಾರತೀಯ ಮೂಲದವರನ್ನೂ ಬಿಡಲಿಲ್ಲ, ಡಚ್ಚರನ್ನೂ ಬಿಡಲಿಲ್ಲ. ಭಾನುಮತಿ ಗೆದ್ದೇಬಿಟ್ಟರು. ಅವತ್ತು ಡಬ್ಬಿಗಳಲ್ಲೆಲ್ಲ ಪುಕ್ಕಟೆ ಕೇಸರಿಬಾತು.

"ಅಯ್ಯೋ, ನೀವೇ ಗೆದ್ದ ಹಾಗೆ ಆಡ್ತಿದೀರಲ್ರೀ!" ಎಂದು ಹೆಂಡತಿ ಜಲಜಾಕ್ಷಿ ನಕ್ಕರು.

"ಸುಮ್ನಿರೇ. ನಮ್ಮೋರು ಅಂತ ಒಬ್ರು ಒಳಗಿರ್ಬೇಕು. ನಾಳೆ ನಮಗೇನಾದ್ರೂ ಆದ್ರೆ ಒಂದು ಮಾತು ಹೇಳ್ತಾರೆ."

ಒಂದು ಮಾತು ಹೇಳುವುದು! ನಮ್ಮೂರುಗಳಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ಹಿಡಿದು ಸ್ಮಶಾನದ ಜಾಗದವರೆಗೆ ಎಲ್ಲವೂ ನಡೆಯುವುದು ಅದರಿಂದಲೇ ಅಲ್ಲವೇ? ಈ ದೇಶದಲ್ಲಿ ನಗರಸಭೆಯ ಸದಸ್ಯರ ಒಂದು ಮಾತಿಗೆ ಬೀದಿಯ ಬೆಂಚು ಕೂಡ ಅಲುಗುವುದಿಲ್ಲ ಎಂದು ಗುಂಡಪ್ಪನವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವರು ನಂಬುವ ಆಸಾಮಿಯಲ್ಲ.

ಮರುವರ್ಷ ಜಲಜಾಕ್ಷಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಕಾಲು ಹೋಯಿತು, ಜೊತೆಗೆ ಕಲಿತಿದ್ದ ಡಚ್ ಭಾಷೆ ಪೂರ್ತಿ ಅಳಿಸಿಹೋಯಿತು. ಉಳಿದದ್ದು ತೊದಲು ಕನ್ನಡ. ಮಕ್ಕಳಿಲ್ಲದ ದಂಪತಿ, ಇಬ್ಬರು ಹಿಡಿದು ಎತ್ತಬೇಕಾದ ಹೆಣ್ಣುಜೀವ. ಬೇರೆ ದಾರಿಯಿಲ್ಲದೆ ಆರೈಕೆ ಮನೆಗೆ ಸೇರಿಸಿದರು. ದಿನಾ ಕ್ಯಾಂಟೀನು ಮುಚ್ಚಿ ಹೋಗಿ ಮೊಸರನ್ನ ಮೆತ್ತಗೆ ಕಲಸಿ ತಿನ್ನಿಸಿ ಬರುತ್ತಿದ್ದರು. ಅಲ್ಲಿನ ನರ್ಸುಗಳಿಗೆ ನೀರು, ನೋವು, ಸಾಕು ಎಂಬ ಮೂರು ಮಾತು ಕಲಿಸಿದ್ದರು. ಆ ಹುಡುಗಿಯರು "ಸಾಕು" ಎನ್ನುವುದನ್ನು ಕೇಳಿ ಜಲಜಾಕ್ಷಿ ವಕ್ರಬಾಯಲ್ಲೇ ನಗುತ್ತಿದ್ದರು.

ಆಮೇಲೆ ಕೊರೋನಾದ ಆ ಹಾಳು ಮಾರ್ಚ್ ತಿಂಗಳು ಬಂತು. ದೇಶದ ಆರೈಕೆ ಮನೆಗಳೆಲ್ಲ ಬಾಗಿಲು ಹಾಕಿಕೊಂಡವು. ಗಂಡನಿರಲಿ, ಮಗನಿರಲಿ, ಯಾರಿಗೂ ಪ್ರವೇಶವಿಲ್ಲ. ಗುಂಡಪ್ಪನವರು ಹೂವಿನ ಮಡಿಯೊಳಗೆ ಕಾಲಿಟ್ಟು, ಹೆಂಡತಿಯ ಕೋಣೆಯ ನೆಲಮಟ್ಟದ ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ಒಳಗೆ ನರ್ಸು ಜಲಜಾಕ್ಷಿಯ ಕಿವಿಗೆ ಫೋನು ಹಿಡಿಯುತ್ತಿದ್ದಳು. "ಒಳಗೆ ಬನ್ನಿ" ಎಂದು ಜಲಜಾಕ್ಷಿ. "ಬರ್ತೀನಿ ಕಣೇ" ಎಂದು ಇವರು. ದಿನಾ ಇದೇ ಮಾತು. ಯುಗಾದಿ ಕಳೆಯುವ ಹೊತ್ತಿಗೆ ಆಕೆ ಊಟ ಬಿಟ್ಟರು.

ಗುಂಡಪ್ಪನವರು ಭಾನುಮತಿಗೆ ಫೋನು ಮಾಡಿದರು. "ಅಮ್ಮಾ, ನಾನು ಇದುವರೆಗೂ ನಿಮ್ಮನ್ನ ಏನೂ ಕೇಳಿಲ್ಲ. ಒಂದೇ ಒಂದ್ಸಲ ಒಳಗೆ ಬಿಡೋಕೆ ಹೇಳಿ. ಒಂದು ಮಾತು."

ಭಾನುಮತಿ ಜಲಜಾಕ್ಷಿಯ ಸ್ಥಿತಿ ಕೇಳಿ ತಿಳಿದುಕೊಂಡರು. ಆಮೇಲೆ, "ನೋಡ್ತೀನಿ ಅಂಕಲ್. ನಾಳೆ ಹೇಳ್ತೀನಿ."

ಅಷ್ಟು ಸಾಕಾಯಿತು ಆ ಮನುಷ್ಯನಿಗೆ. ಅವತ್ತು ಕಿಟಕಿಯ ಹೊರಗೆ ನಿಂತು ಫೋನಿನಲ್ಲಿ, "ಜಲಜಾ, ನಾಳೆ ಕಿಟಕಿಗೆ ಬರಲ್ಲ ಕಣೇ, ಬಾಗಿಲಿಂದಾನೇ ಬರ್ತೀನಿ!" ಎಂದು ಕೂಗಿ ಹೇಳಿದರು. ಆಕೆಯ ಮುಖ ಅರಳಿತು. ಮರುದಿನ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಮೊಸರನ್ನ ಕಲಸಿಟ್ಟು ಫೋನಿನ ಮುಂದೆ ಕೂತರು. ಮಧ್ಯಾಹ್ನವಾಯಿತು. ಸಂಜೆಯಾಯಿತು. ಕಿಟಕಿಗಾದರೂ ಹೋಗಿ ಬರೋಣವೆಂದರೆ, ಬಾಗಿಲಿಂದ ಬರುತ್ತೇನೆ ಎಂದು ಹೇಳಿ ಯಾವ ಮುಖ ಹೊತ್ತು ಕಿಟಕಿಯಲ್ಲಿ ನಿಲ್ಲುವುದು? ಹೋಗಲಿಲ್ಲ. ಕೊನೆಗೆ ಫೋನು ಬಂದದ್ದು ಆರೈಕೆ ಮನೆಯಿಂದ. ಜಲಜಾಕ್ಷಿ ಹೋಗಿಬಿಟ್ಟಿದ್ದರು.

ಆಮೇಲೊಮ್ಮೆ ನರ್ಸು ಒಂದು ವಿಷಯ ಹೇಳಿದಳು. ಅವತ್ತು ಬೆಳಗಿನಿಂದ ಜಲಜಾಕ್ಷಿ ಕೈ ತೋರಿಸಿ ತೋರಿಸಿ ಹಟ ಮಾಡಿ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡಿದ್ದರಂತೆ. ಯಾಕೆಂದು ತಮಗೆ ಗೊತ್ತಾಗಲಿಲ್ಲ ಎಂದಳು.

ಎರಡು ವರ್ಷ ಗುಂಡಪ್ಪನವರು ಒಂದೇ ಒಂದನ್ನು ನಂಬಿಕೊಂಡು ಬದುಕಿದರು. ಪಾಪ, ಭಾನುಮತಿ ಕೇಳಿರುತ್ತಾರೆ, ಮೇಲಿನವರು ಒಪ್ಪಿರುವುದಿಲ್ಲ, ಹೇಳಲು ಸಂಕಟವಾಗಿ ಫೋನು ಮಾಡಿರುವುದಿಲ್ಲ. ಕೇಳಿದ್ದಿರಾ ಎಂದು ಅವರನ್ನು ವಿಚಾರಿಸುವ ಧೈರ್ಯ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಮತ್ತೆ ಚುನಾವಣೆ ಬಂತು. ಆಫೀಸ್ ಪಾರ್ಕು ಖಾಲಿ ಹೊಡೆಯುತ್ತಿತ್ತು. ಎಲ್ಲರೂ ಮನೆಯಿಂದಲೇ ಕೆಲಸ ಮಾಡುವಾಗ ಡಬ್ಬಿ ಯಾರಿಗೆ ಬೇಕು? ಕ್ಯಾಂಟೀನು ಮುಚ್ಚಿತ್ತು. ಪಕ್ಕದ ಕ್ಷೌರದಂಗಡಿ, ಅದರಾಚೆಯ ಹೂವಿನಂಗಡಿ, ಎಲ್ಲದರ ಗಾಜಿನ ಮೇಲೂ ಬಾಡಿಗೆಗಿದೆ ಎಂಬ ಫಲಕ. ಇಂಥ ಬೀದಿಯಲ್ಲಿ ಓಟು ಕೇಳುತ್ತ ನಡೆಯುವುದು ಯಾರಿಗೂ ಸುಲಭವಲ್ಲ. ಭಾನುಮತಿ ಒಬ್ಬರೇ ಬಂದು ಬಾಗಿಲು ತಟ್ಟಿದರು. ಸೊರಗಿಹೋಗಿದ್ದರು, ಕೂದಲು ಬೆಳ್ಳಗಾಗಿತ್ತು.

"ಅಂಕಲ್, ಈ ಸಲ ತುಂಬಾ ಕಷ್ಟ ಇದೆ. ಪಾರ್ಟಿಯವರು ನನ್ನ ಹೆಸರು ಇನ್ನೂ ಕೆಳಗೆ ಹಾಕಿದಾರೆ. ಅಂಗಡಿಯವರಂತೂ ಮುಖ ಕೊಟ್ಟು ಮಾತಾಡ್ತಿಲ್ಲ, ಎಲ್ಲ ನಾನೇ ಮುಚ್ಚಿಸಿದ ಹಾಗೆ. ನಮ್ಮೋರಿಗೆಲ್ಲ ನೀವು ಒಂದು ಮಾತು ಹೇಳಿದ್ರೆ..."

ಒಂದು ಮಾತು! ಗುಂಡಪ್ಪನವರು ಕಾಫಿ ಲೋಟ ಮುಂದಿಟ್ಟು ಎದುರಿಗೆ ಕೂತರು. "ಬೇಜಾರು ಮಾಡ್ಕೋಬೇಡಿ, ಮೊದಲು ನಂದೊಂದು ಕೇಳ್ತೀನಿ. ಅವತ್ತು ಜಲಜಾಗೋಸ್ಕರ ನೀವು ಯಾರನ್ನ ಕೇಳಿದ್ರಿ? ಅವರು ಏನಂದ್ರು?"

ಭಾನುಮತಿ ತಲೆ ತಗ್ಗಿಸಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದೊಂದು ಅವರ ದೊಡ್ಡತನ.

"ಕೇಳ್ಲಿಲ್ಲ ಅಂಕಲ್. ದೇಶಕ್ಕೆಲ್ಲ ಒಂದೇ ರೂಲ್ ಇತ್ತು, ನಾನು ಕೇಳಿದ್ರೂ ಆಗ್ತಿರ್ಲಿಲ್ಲ. ನಿಮಗೆ ಆಗಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ. ನೋಡ್ತೀನಿ ಅಂದ್ರೆ ಅರ್ಥ ಮಾಡ್ಕೋತೀರಾ ಅನ್ಕೊಂಡೆ. ನಮ್ ಕಡೆ ಹಾಗೇ ಅಲ್ವಾ ಅನ್ನೋದು?"

ಹೌದು, ಹಾಗೇ ಅನ್ನುವುದು. ಗುಂಡಪ್ಪನವರೇ ಎಷ್ಟು ಜನರಿಗೆ ಹಾಗೆ ಅಂದು ಸಾಗಹಾಕಿರಲಿಲ್ಲ! ಆ ಮಾತಿನ ಅರ್ಥ ಮೈಸೂರಿನ ಚಿಕ್ಕ ಮಗುವಿಗೂ ಗೊತ್ತು. ಅವತ್ತೊಂದು ದಿನ ಮಾತ್ರ ಅವರ ಕಿವಿ ತನಗೆ ಬೇಕಾದದ್ದನ್ನು ಕೇಳಿಸಿಕೊಂಡಿತ್ತು.

"ಆಗಲ್ಲ ಅಂದಿದ್ರೆ ನಾನು ಕಿಟಕಿಗೆ ಹೋಗ್ತಿದ್ದೆ ಅಮ್ಮಾ," ಎಂದರು. "ದಿನಾ ಹೋಗ್ತಿದ್ದವನು ಅವತ್ತೂ ಹೋಗ್ತಿದ್ದೆ. ಅವಳು ಬಾಗಿಲು ನೋಡ್ಕೊಂಡು ಹೋದಳು." ಕುರ್ಚಿಯ ವಿಷಯ ಹೇಳಿದರು. ಭಾನುಮತಿ ಸೆರಗಿಲ್ಲದ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡರು. ಗುಂಡಪ್ಪನವರಿಗೆ ಅವರ ಮೇಲೆ ಸಿಟ್ಟು ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

"ನಿಮ್ಮ ವಿಷಯಕ್ಕೆ ಬರೋಣ. ನಾನು ಯಾರಿಗೂ ಹೇಳಲ್ಲ. ನನ್ನ ಓಟೂ ನಿಮಗೆ ಹಾಕಲ್ಲ. ನೋಡ್ತೀನಿ ಅನ್ನಬಹುದಿತ್ತು, ಆದ್ರೆ ನೀವು ಕಾಯ್ತಾ ಕೂರ್ತೀರಿ. ಬೇಡಮ್ಮಾ. ಕಾಫಿ ಆರೋಗತ್ತೆ, ಕುಡೀರಿ."

ಭಾನುಮತಿ ಕಾಫಿ ಕುಡಿದೇ ಹೋದರು. ಆ ಚುನಾವಣೆಯಲ್ಲಿ ಅವರು ಸೋತದ್ದು ಆಮೇಲಿನ ಮಾತು.

ಮತದಾನದ ಚೀಟಿ ಅಂಚೆಯಲ್ಲಿ ಬಂದಾಗ ಗುಂಡಪ್ಪನವರು ಅದರ ಮೇಲಿದ್ದ ವಿಳಾಸವನ್ನು ಮತ್ತೆ ಮತ್ತೆ ಓದಿದರು. ಈ ಸಲ ಅವರ ಮತಗಟ್ಟೆ ಅದೇ ಆರೈಕೆ ಮನೆಯ ಊಟದ ಹಜಾರ. ಹೋಗಬಾರದು ಎಂದುಕೊಂಡೇ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ಹತ್ತಿರ ಹೋಗುತ್ತಲೇ ಗಾಜಿನ ಬಾಗಿಲು ತಾನಾಗಿ ಸರಿದುಕೊಂಡಿತು. ಯಾರು ನೀವು, ಎಲ್ಲಿಗೆ ಎಂದು ಯಾರೂ ತಡೆಯಲಿಲ್ಲ. ಎಂಥ ಅನ್ಯಾಯ! ಹೆಂಡತಿ ಸಾಯುವಾಗ ತೆರೆಯದ ಬಾಗಿಲು ಓಟಿಗೆ ತೆರೆದಿತ್ತು.

ಮೇಜುಬಟ್ಟೆಯಷ್ಟು ದೊಡ್ಡ ಮತಪತ್ರ ಹರಡಿ, ಕೆಂಪು ಪೆನ್ಸಿಲ್ ಹಿಡಿದು ನಿಂತರು. ಭಾನುಮತಿಯ ಹೆಸರು ಕೆಳಗೆ ಕಂಡಿತು. ಯಾರಿಗೂ ಗುರುತು ಹಾಕದೆ ಹಾಗೇ ಮಡಿಸಿ ಪೆಟ್ಟಿಗೆಗೆ ಹಾಕಿದರು. ಆಮೇಲೆ ಕಾರಿಡಾರಿನಲ್ಲಿ ಹೋಗುತ್ತಿದ್ದ ನರ್ಸು ಹುಡುಗಿಯನ್ನು ನಿಲ್ಲಿಸಿ, ತೋಟದ ಕಡೆಯ ಮೂಲೆಯ ಕೋಣೆಯಲ್ಲಿ ನನ್ನ ಹೆಂಡತಿ ಇದ್ದಳು, ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬಹುದೇ ಎಂದು ಡಚ್ಚಿನಲ್ಲಿ ಕೇಳಿದರು.

"ಇಕ್ ಖಾ ಎವನ್ ಕೈಕೆನ್," ಎಂದಳು ಆಕೆ.

ನೋಡ್ತೀನಿ. ಡಚ್ಚಿನಲ್ಲೂ ಅದೇ ಮಾತು! ಆದರೆ ಆ ಹುಡುಗಿ ನಿಜಕ್ಕೂ ಹೋಗಿ ನೋಡಿದಳು. ಬೇಗನೆ ತಿರುಗಿ ಬಂದು, ಅಲ್ಲಿ ಈಗ ಇನ್ನೊಬ್ಬರು ಅಜ್ಜಿ ಇದ್ದಾರೆ, ಮಲಗಿದ್ದಾರೆ, ಕ್ಷಮಿಸಿ, ಆಗುವುದಿಲ್ಲ ಎಂದಳು.

"ಥ್ಯಾಂಕ್ಸಮ್ಮಾ," ಎಂದರು ಗುಂಡಪ್ಪನವರು ಕನ್ನಡದ ರಾಗದಲ್ಲೇ. ಮತ್ತೊಮ್ಮೆ ಅಂದರು, ಕೈ ಮುಗಿದರು. ಇಲ್ಲ ಅಂದದ್ದಕ್ಕೆ ಈ ಮುದುಕ ಇಷ್ಟೊಂದು ಯಾಕೆ ಉಪಕಾರ ಸ್ಮರಿಸುತ್ತಾನೆಂದು ಆ ಹುಡುಗಿಗೆ ತಿಳಿಯಲಿಲ್ಲ.

ಹೊರಗೆ ಬಂದು ಕಟ್ಟಡದ ಹಿಂದಕ್ಕೆ ಸುತ್ತಿಕೊಂಡು ಹೋದರು. ಹೂವಿನ ಮಡಿಯಲ್ಲಿ ಹೊಸ ಗಿಡ ನೆಟ್ಟಿದ್ದರು. ಅವನ್ನು ತುಳಿಯದಂತೆ ಜಾಗ ನೋಡಿ ಕಾಲಿಟ್ಟು, ಪರದೆ ಎಳೆದಿದ್ದ ಆ ಕಿಟಕಿಯ ಮುಂದೆ ನಿಂತರು. ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತರು.

"ಒಳಗೆ ಬರೋಕೆ ಆಗಲ್ವಂತೆ ಕಣೇ ಜಲಜಾ," ಎಂದರು. "ಬಾಗಿಲು ನೋಡ್ಬೇಡ. ಈ ಕಡೆ ತಿರುಗು, ಇಲ್ಲೇ ಕಿಟಕಿ ಹತ್ರ ಇದೀನಿ."