ಸ್ಟೀಲ್ ಕಪಾಟಿನ ಕೀಲಿಕೈ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ದುಬೈಯಲ್ಲಿ ನಮ್ಮ ಊರಿನವರ ಸಂಘಕ್ಕೆ ಮೂರು ಸಲ ಚುನಾವಣಾಧಿಕಾರಿಯಾಗಿದ್ದೆ. ಕುಸೈಸಿನ ಗೋದಾಮಿನಲ್ಲಿ ಮೂಟೆ ಹೊತ್ತು ಸೂಪರ್‌ವೈಸರ್ ಆದವನಿಗೆ ಯಾರು ಯಾವ ಲೇಬರ್ ಕ್ಯಾಂಪಿನವರು, ಯಾರ ಮನೆ ಯಾವ ಊರಿನದು ಎಂಬುದೆಲ್ಲ ಬಾಯಿಪಾಠ. ಮತ ಹಾಕಲು ಬಂದವನ ಮುಖ ನೋಡಿ ಪಟ್ಟಿಯಲ್ಲಿ ಗೆರೆ ಎಳೆಯುತ್ತಿದ್ದೆ. ಒಂದು ಸಲವೂ ತಕರಾರು ಬರಲಿಲ್ಲ. ಅದರ ಹೆಮ್ಮೆ ಈಗಲೂ ಉಂಟು.

ಆ ವರ್ಷ ನಮ್ಮ ದಣಿಗಳು, ಅಂದರೆ ಗೋದಾಮಿನ ಮಾಲೀಕರು, ಸಂಘದ ಅಧ್ಯಕ್ಷರಾಗಲು ಹೊರಟರು. ಎದುರಿಗೆ ನಿಂತದ್ದು ಒಬ್ಬ ಟೈಲರ್. ಕ್ಯಾಂಪಿನಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಕೊಂಡುಹೋಗುವ ಮನುಷ್ಯ. ದಣಿಗಳ ಲಾರಿ ಓಡಿಸುವ ಮೂವತ್ತು ಚಿಲ್ಲರೆ ಡ್ರೈವರುಗಳೂ ಸಂಘದ ಸದಸ್ಯರೇ. ಚೀಟಿ ಗುಟ್ಟಾಗಿ ಬಿದ್ದರೆ ಅಷ್ಟೂ ಟೈಲರನಿಗೆ ಎಂಬುದು ದಣಿಗಳಿಗೂ ಗೊತ್ತಿತ್ತು.

ಅಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದ ನನ್ನ ಚುನಾವಣಾಧಿಕಾರಿ ಕೆಲಸಕ್ಕೆ ಆಗ ಇನ್ನೊಬ್ಬರು ಹುಟ್ಟಿಕೊಂಡರು. ದಣಿಗಳ ಆಫೀಸಿನ ಮ್ಯಾನೇಜರ್. ಡಿಗ್ರಿ ಆದವರು, ಮೆಲುದನಿಯವರು. ತಾನು ಚುನಾವಣಾಧಿಕಾರಿಯಾದರೆ ಪಾಸ್‌ಪೋರ್ಟ್ ತೋರಿಸಿದವರಿಗೆ ಮಾತ್ರ ಮತ, ಮುಖ ನೋಡಿ ಗೆರೆ ಎಳೆಯುವ ಕಾಲ ಮುಗಿಯಿತು ಎಂದು ಕಂಡವರಿಗೆಲ್ಲ ಹೇಳಿದರು. ಕೇಳುವಾಗ ನ್ಯಾಯವೇ. ಆದರೆ ಕೆಲಸಕ್ಕೆ ಸೇರುವಾಗಲೇ ಕಂಪನಿ ತೆಗೆದಿಟ್ಟುಕೊಂಡಿದ್ದ ಡ್ರೈವರುಗಳ ಪಾಸ್‌ಪೋರ್ಟುಗಳೆಲ್ಲ ಇದ್ದದ್ದು ಆಫೀಸಿನ ಸ್ಟೀಲ್ ಕಪಾಟಿನಲ್ಲಿ. ಅದರ ಕೀಲಿಕೈ ಇದ್ದದ್ದು ಮ್ಯಾನೇಜರರ ಪ್ಯಾಂಟಿನ ಜೇಬಿನಲ್ಲಿ. ನನ್ನ ಪಾಸ್‌ಪೋರ್ಟೂ ಅಲ್ಲೇ ಇತ್ತು. ನನ್ನ ವೀಸಾ ಮುಗಿಯಲು ಇಪ್ಪತ್ತು ದಿನ ಉಳಿದಿತ್ತು. ರಿನ್ಯೂವಲ್ ಕಾಗದ ದಣಿಗಳ ಸಹಿಗೆ ಹೋದದ್ದು ತಿರುಗಿ ಬಂದಿರಲಿಲ್ಲ. ಹೆಂಡತಿ, ಮಗಳು ಇಲ್ಲೇ ನನ್ನ ವೀಸಾದ ಮೇಲೆ ಇದ್ದವರು. ನಿಮಗೆಂತಕ್ಕೆ ಈ ಉಸಾಬರಿ ಎಂದು ಹೆಂಡತಿ ಕೇಳಿದಳು.

ಶುಕ್ರವಾರ ಮಧ್ಯಾಹ್ನ ಮುರಕ್ಕಬಾತಿನ ಹೋಟೆಲೊಂದರ ಮಹಡಿಯ ಹಾಲಿನಲ್ಲಿ ಸಭೆ. ನಮ್ಮ ಪದ್ಧತಿಯಂತೆ ಚುನಾವಣಾಧಿಕಾರಿಯಾಗಲು ನಿಂತವರು ಹೊರಗೆ ಹೋಗಬೇಕು, ಒಳಗೆ ಸದಸ್ಯರು ಕೈ ಎತ್ತಬೇಕು. ಅಧ್ಯಕ್ಷರಿಗೆ ಚೀಟಿ, ಅಧಿಕಾರಿಗೆ ಕೈ. ಇದನ್ನು ಹಟ ಹಿಡಿದು ತಂದವನು ನಾನೇ. ನನಗೆ ಎತ್ತುವ ಕೈಯನ್ನು ಯಾರು ತಾನೇ ಅಡಗಿಸಿಕೊಳ್ಳುತ್ತಾರೆ ಎಂಬ ಧೈರ್ಯ. ನಿಂತವರಲ್ಲಿ ಮನಸ್ಸು ಬದಲಾದವನು ಸುಮ್ಮನೆ ಮೆಟ್ಟಿಲಿಳಿದು ಹೋಗಬಹುದು, ಯಾರೂ ಕಾರಣ ಕೇಳುವಂತಿಲ್ಲ, ಅದೂ ಪದ್ಧತಿಯೇ.

ನಾವಿಬ್ಬರು ಮೆಟ್ಟಿಲ ಮೇಲೆ ನಿಂತೆವು. ಕೆಳಗಿನ ಅಡಿಗೆಮನೆಯಿಂದ ಮೀನು ಹುರಿಯುವ ವಾಸನೆ ಬರುತ್ತಿತ್ತು. ಜೇಬಿನೊಳಗೆ ಮ್ಯಾನೇಜರರು ಕೀಲಿಗಳನ್ನು ಆಡಿಸುತ್ತಿದ್ದರು.

"ಮಗಳು ಎಷ್ಟನೇ ಕ್ಲಾಸು ಈಗ?"

ಎಂಟು ಎಂದೆ.

"ವರ್ಷದ ನಡುವಿನಲ್ಲಿ ಊರಿನ ಶಾಲೆಗೆ ಸೇರಿಸುದು ಮಕ್ಕಳಿಗೆ ಭಾರೀ ಕಷ್ಟ ಮಾರಾಯ್ರೆ," ಎಂದರು, ನಿಜವಾಗಿಯೂ ಮರುಕಪಟ್ಟವರ ಹಾಗೆ. "ನೀವು ಇಳಿದು ಹೋದ್ರೆ ಯಾರೂ ಎಂತ ಹೇಳುದಿಲ್ಲ."

"ನಾನು ಏಳರಲ್ಲಿ ಬಿಟ್ಟವ ಸರ್. ಇಳಿಯುವ ಪಾಠ ಎಂಟರಲ್ಲಿ ಇತ್ತೋ ಏನೋ."

ಅವರು ನಕ್ಕರು. ಕೀಲಿಗಳ ಸದ್ದು ನಿಂತಿತು.

ಬಾಗಿಲು ತೆರೆದಾಗ ನಾನೇ ಮೊದಲು ಒಳಗೆ ಹೋದೆ. ಹಿಂದಿನ ಸಾಲಿನಲ್ಲಿ ಡ್ರೈವರುಗಳು ಕೂತಿದ್ದರು. ಒಬ್ಬನೂ ತಲೆ ಎತ್ತಲಿಲ್ಲ. ನನಗೆ ಬಿದ್ದದ್ದು ಹದಿನಾಲ್ಕು ಕೈ; ಹಿಂದಿನ ಸಾಲು ಇಡೀ ಮ್ಯಾನೇಜರರಿಗೆ ಕೈ ಎತ್ತಿತ್ತು. ಡ್ರೈವರುಗಳನ್ನು ಕರೆತಂದದ್ದು ದಣಿಗಳ ಬಸ್ಸು. ನನಗೆ ಮೆಟ್ಟಿಲ ಮೇಲೆ ಹೇಳಿದ್ದನ್ನು ಅವರಿಗೆ ಬಸ್ಸಿನಲ್ಲೇ ಹೇಳಿ ಆಗಿತ್ತು. ಕೈ ಎತ್ತುವುದನ್ನು ಎಲ್ಲರೂ ನೋಡುತ್ತಾರೆ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಯಾಕೆ ಹೊಳೆದಿರಲಿಲ್ಲವೋ.

ಮ್ಯಾನೇಜರರು ನನ್ನತ್ತ ತಿರುಗಿ ಕೈ ಮುಗಿದು ಒಂದೇ ಮಾತು ಹೇಳಿದರು. "ಅಣ್ಣನಿಗೆ ಎಲ್ಲರ ಗುರ್ತ ಉಂಟು. ಮತದ ದಿನ ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡ್ಲಿಕ್ಕೆ ಅವರೇ ನಿಲ್ಲಲಿ." ಜನ ಚಪ್ಪಾಳೆ ಹೊಡೆದರು. ಆಗುವುದಿಲ್ಲ ಎನ್ನಬೇಕಿತ್ತು. ಎದುರಿನ ಕುರ್ಚಿಯಲ್ಲಿ ದಣಿಗಳು ನನ್ನನ್ನೇ ನೋಡುತ್ತಿದ್ದರು. ತಲೆ ಆಡಿಸಿದೆ.

ಎರಡು ಶುಕ್ರವಾರ ಕಳೆದು ಮತದ ದಿನ ಅದೇ ಮೆಟ್ಟಿಲ ಮೇಲ್ತುದಿಯಲ್ಲಿ ನಿಂತೆ. ವೀಸಾಕ್ಕೆ ಇನ್ನು ಆರು ದಿನ. ಡ್ರೈವರುಗಳು ಒಟ್ಟಾಗಿ ಹತ್ತಿ ಬಂದರು. ಮುಂದೆ ಇದ್ದವನು ನಾನು ಬಂದ ವರ್ಷವೇ ದುಬೈಗೆ ಬಂದವನು, ಒಂದೇ ಕೋಣೆಯಲ್ಲಿ ಮೇಲೆ ಕೆಳಗಿನ ಮಂಚದಲ್ಲಿ ನನ್ನ ಜೊತೆ ಮಲಗಿದವನು. ಅವನ ತಾಯಿಯ ಹೆಸರೂ ನನಗೆ ಗೊತ್ತು. ಆದರೂ ಕೇಳಿದೆ, ಪಾಸ್‌ಪೋರ್ಟ್ ಎಂದು.

"ನಿಮ್ಮದು ಎಲ್ಲುಂಟು?"

"ಆಫೀಸಿನಲ್ಲಿ."

"ನಮ್ಮದರ ಒಟ್ಟಿಗೇ ಅಲ್ವಾ? ಹಾಗಾದ್ರೆ ನೀವೂ ಹೊರಗಿನವರೇ," ಎಂದ. ದನಿ ಏರಿಸಲಿಲ್ಲ. ತಿರುಗಿ ಇಳಿಯತೊಡಗಿದ. ಉಳಿದವರೂ ಹಿಂದೆಯೇ ಇಳಿದರು. ಅಷ್ಟು ಜನರ ಚಪ್ಪಲಿ ಸದ್ದು ಕೊನೆಯ ಮೆಟ್ಟಿಲವರೆಗೂ ಕೇಳಿತು. ನಾನು ಹೋಗಲಿಲ್ಲ. ಸಂಜೆಯವರೆಗೂ ಬಾಗಿಲು ಕಾದೆ. ನನ್ನ ಮತವೂ ಬೀಳಲಿಲ್ಲ.

ದಣಿಗಳು ಗೆದ್ದರು. ನಾಲ್ಕನೇ ದಿನ ಮ್ಯಾನೇಜರರು ನನ್ನನ್ನು ಆಫೀಸಿಗೆ ಕರೆಸಿ ಕಪಾಟಿನಿಂದ ನನ್ನ ಪಾಸ್‌ಪೋರ್ಟ್ ತೆಗೆದರು. ಹೊಸ ವೀಸಾ ಅಂಟಿಸಿದ ಪುಟ ಬಿಡಿಸಿ ಮೇಜಿನ ಆಚೆಯಿಂದಲೇ ತೋರಿಸಿದರು.

"ಎರಡು ವರ್ಷ," ಎಂದರು.

ನಾನು ಕೈ ಚಾಚಿದ್ದೆ. ಅವರು ಅದನ್ನು ಮುಚ್ಚಿ ಡ್ರೈವರುಗಳ ಪಾಸ್‌ಪೋರ್ಟಿನ ಕಟ್ಟಿನ ಮೇಲಿಟ್ಟು ಕೀಲಿ ತಿರುಗಿಸಿದರು.