ಯೆರೆವಾನಿನ ಬಾಲ್ಕನಿಯಲ್ಲಿ ರೊಟ್ಟಿ

ಅಂದು ಮಂಗಳವಾರವೋ ಬುಧವಾರವೋ, ನನ್ನ ನೆನಪನ್ನು ಪೂರ್ತಿ ನಂಬಲಾರೆ. ಬೆಟ್ಟಗಳ ನಡುವಿನ ಯೆರೆವಾನಿನಲ್ಲಿ ನಮ್ಮ ಮುದ್ದೇಬಿಹಾಳದಂಥದೇ ಒಣ ಬಿಸಿಲು. ಮರುದಿನ ನಾನೂ ಚಿಗವ್ವನೂ ಊರಿಗೆ ಹೊರಡಬೇಕಿತ್ತು. ಆದರೆ ಯೆರೆವಾನಿನಲ್ಲೇ ವೈದ್ಯಕೀಯ ಓದುವ ತನ್ನ ಮಗಳ ಪರೀಕ್ಷೆ ಮುಗಿಯುವವರೆಗೆ ಇದ್ದುಬಿಡುವ ಹಟ ಚಿಗವ್ವನದು. ಊರಿಂದ ತಂದ ಜೋಳದ ಹಿಟ್ಟಿನಲ್ಲಿ ತಿಂಗಳಿಗಾಗುವಷ್ಟು ರೊಟ್ಟಿ ಬಡಿದು, ಬಾಲ್ಕನಿಯಲ್ಲಿ ಒಣಹಾಕಿದಳು.

“ಬಿಸಿಲಾಗ ನಿಂದ್ರಬ್ಯಾಡಂತವ್ವಾ,” ಮನೆಯೊಡತಿಯ ಮಾತನ್ನು ಮಗಳು ಕನ್ನಡದಲ್ಲಿ ಹೇಳಿದಳು.

“ಇದಕ್ಕ ಬಿಸಿಲಂತಾರೇನ? ವೈಶಾಖದಾಗ ನಮ್ಮೂರಿಗೆ ಬಾ ಅನ್ನು ಆಕೀಗೆ!”

ಸಂಜೆಯಾದದ್ದೇ ಬೆಟ್ಟದ ಕಡೆಯಿಂದ ಗಾಳಿ ನುಗ್ಗಿತು. ನಮ್ಮಲ್ಲಿ ಹೀಗಿಲ್ಲ. ಕಟಕಟ ಒಣಗಿದ್ದ ರೊಟ್ಟಿಗಳೆಲ್ಲ ಬೀದಿಗೆ ಹಾರಿದವು.

“ಹೋದ್ರ ಹೋಗ್ಲಿ, ಹಿಟ್ಟ ಇನ್ನೂ ಐತಿ,” ಎಂದು ಚಿಗವ್ವ ಮತ್ತೆ ನಾದತೊಡಗಿದಳು.

“ನಾಳೆ ಬರೂದಿಲ್ಲಂತ ಊರಾಗಿರೋ ಕಾಕಾಗ ಹೇಳೀಯೇನ, ಚಿಗವ್ವಾ?” ಎಂದು ಕೇಳಿದೆ.